ಒಂದೇ ಬದಿಗೆ ಎರಡು ಕಣ್ಣು: ಕಡಲ ಕೆಸರಲ್ಲಿ ನಂಗ್ ಮೀನಿನ ಸಂಸಾರ

ಬೆಳಿಗ್ಗೆ ಎದ್ದು ಕನ್ನಡಿ ನೋಡ್ತೀರಿ. ನಿಮ್ಮ ಬಲಗಣ್ಣು ನಿನ್ನೆ ಇದ್ದ ಜಾಗದಲ್ಲಿಲ್ಲ, ಸ್ವಲ್ಪ ಮೇಲಕ್ಕೆ ಸರಿದಿದೆ. ಮರುದಿನ ನೆತ್ತಿ ಹತ್ತಿರ ಹೋಗಿದೆ. ಇನ್ನೆರಡು ದಿನಕ್ಕೆ ಆ ಕಡೆ ಇಳಿದು ಎಡಗಣ್ಣಿನ ಪಕ್ಕದಲ್ಲೇ ಮನೆ ಮಾಡಿಕೊಂಡಿದೆ. ಬಲಗೆನ್ನೆಯಲ್ಲಿ ಈಗ ಏನೂ ಇಲ್ಲ, ಬರೀ ಚರ್ಮ. ನಮಗಾದರೆ ಇದು ಹಾರರ್ ಸಿನಿಮಾ. ನಮ್ಮ ಕರಾವಳಿಯ ಒಂದು ಪುಟ್ಟ ಮೀನಿಗೆ ಮಾತ್ರ ಇದು ಬಾಲ್ಯದ ಮಾಮೂಲಿ ಸಂಗತಿ.

ಆ ಮೀನಿನ ಹೆಸರು ನಂಗ್. ಮಂಗಳೂರು, ಉಡುಪಿ ಕಡೆ ಹಾಗೆ ಕರೀತಾರೆ. ಗೋವಾ ಕಡೆ ಕೊಂಕಣಿಯಲ್ಲಿ ಲೆಪೊ, ಕೇರಳದಲ್ಲಿ ಮಾಂತಳ್. ಮೀನುಗಾರಿಕೆ ಪುಸ್ತಕಗಳಲ್ಲಿ ಇದು ಮಲಬಾರ್ ಸೋಲ್, ವಿಜ್ಞಾನಿಗಳ ಬಾಯಲ್ಲಿ ಸೈನೋಗ್ಲಾಸಸ್ ಮ್ಯಾಕ್ರೋಸ್ಟೋಮಸ್. ಸೈನೋಗ್ಲಾಸಸ್ ಅಂದರೆ ಗ್ರೀಕಿನಲ್ಲಿ ನಾಯಿಯ ನಾಲಿಗೆ. ಒಮ್ಮೆ ನೋಡಿದರೆ ಹೆಸರಿಟ್ಟವರ ಮೇಲೆ ತಕರಾರು ಬರಲ್ಲ. ಒಂದು ಗೇಣೂ ಇಲ್ಲದ, ಹೆಚ್ಚಾಗಿ 12ರಿಂದ 15 ಸೆಂಟಿಮೀಟರ್ ಉದ್ದದ, ಕಂದು ಬಣ್ಣದ, ಚಪ್ಪಟೆ ನಾಲಿಗೆ. ಸೋಲ್ ಅನ್ನೋ ಹೆಸರೂ ಹಾಗೇ ಬಂದದ್ದು, ಚಪ್ಪಲಿಯ ಅಟ್ಟೆ ಥರ ಇದೆ ಅಂತ.

ಅಂಜಲ್, ಮಾಂಜಿ, ಕಾಣೆ, ಬಂಗುಡೆ ಅಂತ ಮೀನಿನ ಹೋಟೆಲ್ ಮೆನು ಓದುವವರಿಗೆ ನಂಗ್ ಹೆಸರು ಕಣ್ಣಿಗೆ ಬೀಳೋದು ಅಪರೂಪ. ಬೆಲೆಯಲ್ಲಿ ಕೊನೇ ಸಾಲು, ರುಚಿಯಲ್ಲಿ ಮಾತ್ರ ಅಲ್ಲ. ಆದರೆ ಇದರ ಬದುಕನ್ನು ಓದುತ್ತಾ ಹೋದ ಹಾಗೆ ಡಾರ್ವಿನ್ ಸಿಗ್ತಾನೆ, ಮುಂಗಾರು ಸಿಗುತ್ತೆ, ಕೋಳಿ ಫಾರಂ ಸಿಗುತ್ತೆ. ಕೊನೆಗೆ ನಮ್ಮ ಧಾರವಾಡ ಜಿಲ್ಲೆಯ ಮಣ್ಣೂ ಸಿಗುತ್ತೆ.

ನಿಂತು ಈಜುವ ಮರಿ, ಮಲಗಿ ಬದುಕುವ ಮೀನು

ನಂಗ್ ಮೊಟ್ಟೆ ಇಡೋದು ಮಳೆಗಾಲ ಮುಗಿದ ಮೇಲೆ, ಹೆಚ್ಚುಕಡಿಮೆ ಅಕ್ಟೋಬರಿನಿಂದ ಬೇಸಿಗೆಯವರೆಗೆ. ಮೊಟ್ಟೆಗಳು ನೆಲಕ್ಕೆ ಅಂಟಿಕೊಳ್ಳಲ್ಲ, ನೀರಲ್ಲಿ ತೇಲುತ್ತವೆ. ಹೊರಬಂದ ಮರಿಯನ್ನು ನೋಡಿದರೆ ಬೇರೆ ಯಾವುದೇ ಮೀನಿನ ಮರಿಯ ಹಾಗೇ: ಗಾಜಿನಂತೆ ಪಾರದರ್ಶಕ, ನೆಟ್ಟಗೆ ಈಜುತ್ತೆ, ತಲೆಯ ಎರಡೂ ಬದಿಗೆ ಒಂದೊಂದು ಕಣ್ಣು. ಅಲೆಗಳ ಜೊತೆ ತೇಲುತ್ತಾ, ತನಗಿಂತ ಸಣ್ಣ ಜೀವಿಗಳನ್ನು ತಿನ್ನುತ್ತಾ ಕೆಲವು ವಾರ ಕಳೆಯುತ್ತೆ.

ಒಂದು ಸೆಂಟಿಮೀಟರ್ ಆಸುಪಾಸು ಬೆಳೆದಾಗ ಮೈಯೊಳಗೆ ಆದೇಶ ಹೊರಡುತ್ತೆ. ಆದೇಶ ಹೊರಡಿಸುವುದು ಥೈರಾಯ್ಡ್ ಹಾರ್ಮೋನು. ಗೊದಮೊಟ್ಟೆ ಬಾಲ ಕಳಕೊಂಡು ಕಪ್ಪೆ ಆಗೋದು ಕೂಡ ಇದೇ ಹಾರ್ಮೋನಿನ ಕೆಲಸ. ಬಲಗಣ್ಣು ಹೊರಟು, ತಲೆಯ ಅಂಚನ್ನು ದಾಟಿ, ಎಡಗಡೆಗೆ ಬಂದು ಕೂರುತ್ತೆ. ತಲೆಬುರುಡೆಯ ಎಲುಬುಗಳು ತಿರುಚಿಕೊಳ್ಳುತ್ತವೆ, ಬಾಯಿ ವಾರೆಯಾಗುತ್ತೆ. ಮರಿ ನಿಧಾನವಾಗಿ ವಾಲುತ್ತಾ ವಾಲುತ್ತಾ ಕೊನೆಗೆ ಬಲಮಗ್ಗುಲಾಗಿ ಕಡಲ ತಳದಲ್ಲಿ ಮಲಗುತ್ತೆ. ಇನ್ನು ಸಾಯೋವರೆಗೂ ಅದೇ ಮಗ್ಗುಲು.

ನಾನು ಸಾಫ್ಟ್‌ವೇರ್ ಕೆಲಸದವನು. ಜನ ಬಳಸುತ್ತಿರುವ ಸರ್ವರನ್ನು ನಿಲ್ಲಿಸದೇ ಅದರ ಒಳಗಿನದನ್ನೆಲ್ಲ ಬೇರೆ ಕಡೆ ಸಾಗಿಸುವ ರಾತ್ರಿ ಹೇಗಿರುತ್ತೆ ಅಂತ ನಮ್ಮ ಫೀಲ್ಡಿನವರಿಗೆ ಗೊತ್ತು. ಈ ಮರಿ ಮಾಡೋದೂ ಅದೇ. ಕಣ್ಣು ದಾರಿಯಲ್ಲಿದ್ದಾಗಲೂ ಅದು ಬದುಕಿರಬೇಕು, ದೊಡ್ಡ ಮೀನಿನ ಬಾಯಿಂದ ತಪ್ಪಿಸಿಕೊಳ್ಳಬೇಕು. ನರ, ರಕ್ತನಾಳ, ಎಲುಬು ಎಲ್ಲ ಜಾಗ ಬದಲಾಯಿಸುವಾಗ ಒಂದು ಕ್ಷಣವೂ ಬಂದ್ ಮಾಡುವಂತಿಲ್ಲ.

ಬದಲಾವಣೆ ಕಣ್ಣಿಗೆ ಮುಗಿಯಲ್ಲ. ಮೇಲೆ ಕಾಣುವ ಎಡಬದಿಗೆ ಕಂದು ಬಣ್ಣ ಬರುತ್ತೆ, ನೆಲಕ್ಕಂಟಿದ ಬಲಬದಿ ಬಿಳಿಚಿಕೊಂಡೇ ಇರುತ್ತೆ. ಬಿಸಿಲೇ ಕಾಣದ ಕಡೆ ಬಣ್ಣಕ್ಕೆ ಯಾಕೆ ಖರ್ಚು? ಹಲ್ಲುಗಳು ಕೆಳಬದಿಯ ದವಡೆಯಲ್ಲಿ ಮಾತ್ರ, ಊಟ ಇರೋದು ಅಲ್ಲೇ. ಮೀನುಗಳನ್ನು ನೀರಲ್ಲಿ ತೇಲಿಸುವ ಗಾಳಿಚೀಲ ಬೆಳೆದ ನಂಗ್‌ಗೆ ಇಲ್ಲ, ತೇಲುವ ಉದ್ದೇಶವೇ ಇಲ್ಲವಲ್ಲ. ಪಕ್ಕದ ಈಜುರೆಕ್ಕೆಗಳೂ ಇಲ್ಲ. ಬದಲಿಗೆ ಮೈಯ ಸುತ್ತ ಸೀರೆಯ ಅಂಚಿನ ಹಾಗೆ ಒಂದೇ ರೆಕ್ಕೆ ತಲೆಯಿಂದ ಬಾಲದವರೆಗೆ ಸುತ್ತಿಕೊಂಡಿರುತ್ತೆ. ಅಪಾಯ ಕಂಡಾಗ ಆ ಅಂಚನ್ನು ಪಟಪಟ ಅಲುಗಿಸಿ ಮೈಮೇಲೆ ಕೆಸರು ಎಳೆದುಕೊಳ್ಳುತ್ತೆ. ಹೊರಗೆ ಉಳಿಯೋದು ಎರಡು ಚಿಕ್ಕ ಕಣ್ಣು ಮಾತ್ರ. ಎರಡೂ ಕಣ್ಣು ಒಂದೇ ಬದಿಗಿದ್ದರೆ ಲಾಭ ಏನು ಅಂತ ಕೇಳಿದರೆ ಉತ್ತರ ಇದೇ: ಒಂದು ಕಣ್ಣು ಜೀವನವಿಡೀ ಕೆಸರಲ್ಲಿ ಹೂತು ವ್ಯರ್ಥವಾಗುವ ಬದಲು ಎರಡೂ ಆಕಾಶ ನೋಡುತ್ತವೆ.

ಊಟ ಹುಡುಕುವುದಕ್ಕೆ ಮಾತ್ರ ಕಣ್ಣಿಗಿಂತ ಚರ್ಮವೇ ಹೆಚ್ಚು ಕೆಲಸಕ್ಕೆ ಬರುತ್ತೆ. ತಲೆಯ ಕೆಳಬದಿಯಲ್ಲಿ ಸ್ಪರ್ಶ ತಿಳಿಯುವ ಸಣ್ಣ ಸಣ್ಣ ಗುಳ್ಳೆಗಳಿವೆ. ಅವುಗಳಿಂದ ಕೆಸರನ್ನು ತಡಕುತ್ತಾ, ಬಿಲದಲ್ಲಿರುವ ಕಡಲ ಹುಳುಗಳನ್ನು, ಸಣ್ಣ ಸೀಗಡಿ ಜಾತಿಯವನ್ನು ಹಿಡಿದು ತಿನ್ನುತ್ತೆ. ಎರೆಹುಳುವಿನ ದೂರದ ನೆಂಟರಾದ ಪಾಲಿಕೀಟ್ ಹುಳುಗಳೇ ಇದರ ಮುಖ್ಯ ಆಹಾರ.

ಊರಿಗೆ ಹೋದಾಗ ಇದನ್ನೆಲ್ಲ ಅವ್ವಗ ಹೇಳಿದೆ. ಅಕಿ ರೊಟ್ಟಿ ಬಡಿಯೋದು ನಿಲ್ಲಿಸದೇ ಕೇಳಿದ್ಲು: "ಅಲ್ಲೋ ತಮ್ಮಾ, ಒಂದ ಮಗ್ಗಲಿಗೆ ಮಲಗಿದ್ರ ಮೈ ನೋಯೂದಿಲ್ಲೇನ ಅದಕ?" ವಿಜ್ಞಾನದ ಪುಸ್ತಕದಲ್ಲಿ ಈ ಪ್ರಶ್ನೆಗೆ ಉತ್ತರ ಸಿಗಲಿಲ್ಲ.

ಡಾರ್ವಿನ್‌ಗೂ ತಲೆನೋವಾದ ಕಣ್ಣು

ಚಪ್ಪಟೆ ಮೀನುಗಳ ಈ ಕಣ್ಣು 19ನೇ ಶತಮಾನದಲ್ಲಿ ದೊಡ್ಡ ಜಗಳಕ್ಕೆ ಕಾರಣವಾಗಿತ್ತು. ಸೇಂಟ್ ಜಾರ್ಜ್ ಮೈವರ್ಟ್ ಎಂಬ ಇಂಗ್ಲೆಂಡಿನ ಜೀವಶಾಸ್ತ್ರಜ್ಞ 1871ರಲ್ಲಿ ಡಾರ್ವಿನ್‌ಗೆ ಸವಾಲು ಹಾಕಿದ. ಜೀವಿಗಳು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಬದಲಾಗುತ್ತವೆ, ಪ್ರತಿ ಹೆಜ್ಜೆಯೂ ಉಪಯೋಗಕ್ಕೆ ಬಂದರೆ ಮಾತ್ರ ಉಳಿಯುತ್ತೆ ಅಂತೀರಲ್ಲ, ಹಾಗಾದರೆ ಕಣ್ಣು ಸ್ವಲ್ಪವೇ ಸರಿದು ಇನ್ನೂ ಕೆಳಬದಿಯಲ್ಲೇ ಇದ್ದ ಮೀನಿಗೆ ಅದರಿಂದ ಏನು ಪ್ರಯೋಜನ ಅಂತ ಕೇಳಿದ. ಪ್ರಶ್ನೆ ಚೆನ್ನಾಗಿತ್ತು. 1872ರಲ್ಲಿ ತನ್ನ ಪುಸ್ತಕದ ಆರನೇ ಆವೃತ್ತಿ ತರುವಾಗ ಡಾರ್ವಿನ್ ಇದಕ್ಕೇ ಜಾಗ ಕೊಟ್ಟು ಉತ್ತರಿಸಬೇಕಾಯ್ತು. ಚಪ್ಪಟೆ ಮೀನಿನ ಮರಿಗಳು ಮಗ್ಗುಲಾಗಿ ಮಲಗಿದಾಗ ಕೆಳಗಣ್ಣನ್ನು ಮೇಲಕ್ಕೆ ಎಳೆದು ನೋಡಲು ಒದ್ದಾಡುತ್ತವೆ ಎಂಬ ವಿವರವನ್ನು ಮುಂದಿಟ್ಟ. ಆದರೆ ಅರ್ಧ ದಾರಿಯಲ್ಲಿರುವ ಕಣ್ಣಿನ ದೊಡ್ಡ ಮೀನು ಅವನ ಕೈಯಲ್ಲಿರಲಿಲ್ಲ.

ಅದು ಸಿಕ್ಕಿದ್ದು 2008ರಲ್ಲಿ. ಮ್ಯಾಟ್ ಫ್ರೀಡ್‌ಮನ್ ಎಂಬ ಯುವ ಸಂಶೋಧಕ ನೇಚರ್ ಪತ್ರಿಕೆಯಲ್ಲಿ ಸುಮಾರು 5 ಕೋಟಿ ವರ್ಷ ಹಳೆಯ ಪಳೆಯುಳಿಕೆ ಮೀನುಗಳ ಬಗ್ಗೆ ಬರೆದ. ಆಂಫಿಸ್ಟಿಯಮ್ ಮತ್ತು ಹೆಟೆರೊನೆಕ್ಟಿಸ್ ಅಂತ ಅವುಗಳ ಹೆಸರು. ಇವು ಮರಿಗಳಲ್ಲ, ಬೆಳೆದ ಮೀನುಗಳೇ, ಆದರೆ ಒಂದು ಕಣ್ಣು ಮೇಲಕ್ಕೆ ಸರಿದು, ಆ ಕಡೆ ದಾಟದೇ, ಮಧ್ಯದಲ್ಲೇ ನಿಂತಿದೆ. ಇವುಗಳ ಪಳೆಯುಳಿಕೆಗಳು ಇಟಲಿಯ ಬೋಲ್ಕಾ ಎಂಬಲ್ಲಿ ಅಗೆದು ತೆಗೆದು, ಎಷ್ಟೋ ಕಾಲದಿಂದ ಮ್ಯೂಸಿಯಂಗಳಲ್ಲಿ ಇಟ್ಟವೇ ಆಗಿದ್ದವು. ಅರ್ಧ ದಾರಿಯ ಕಣ್ಣಿಟ್ಟುಕೊಂಡೂ ಅವು ಬದುಕಿ ಬಾಳಿದ್ದವು. ಮೈವರ್ಟ್‌ನ ಪ್ರಶ್ನೆಗೆ ಉತ್ತರ ಸಿಗೋಕೆ 137 ವರ್ಷ ಬೇಕಾಯ್ತು.

ಚಪ್ಪಟೆ ಮೀನುಗಳು ಆಮೇಲೂ ವಿಜ್ಞಾನಿಗಳನ್ನು ಬಿಟ್ಟಿಲ್ಲ. ಮಿದುಳಿನ ವಿಚಿತ್ರಗಳ ಬಗ್ಗೆ ಬರೆದು ಜಗತ್ತಿಗೆಲ್ಲ ಪರಿಚಿತರಾದ ವಿ.ಎಸ್. ರಾಮಚಂದ್ರನ್ ಮತ್ತು ಸಂಗಡಿಗರು 1996ರಲ್ಲಿ ನಂಗ್‌ನ ದೂರದ ಬಳಗದ ಒಂದು ಉಷ್ಣವಲಯದ ಚಪ್ಪಟೆ ಮೀನನ್ನು ಬೇರೆ ಬೇರೆ ವಿನ್ಯಾಸದ ನೆಲದ ಮೇಲೆ ಬಿಟ್ಟು ನೋಡಿದರು. ಅದು ಕೆಲವೇ ಸೆಕೆಂಡಿನಲ್ಲಿ ನೆಲಕ್ಕೆ ಹೊಂದುವ ಹಾಗೆ ಮೈಮೇಲಿನ ಮಚ್ಚೆಗಳನ್ನು ಬದಲಾಯಿಸಿತು. ಚದುರಂಗದ ಮಣೆಯಂಥ ನೆಲಕ್ಕೂ ಹೊಂದಿಕೊಳ್ಳಲು ನೋಡಿತು. ನಮ್ಮ ನಂಗ್‌ಗೆ ಅಷ್ಟು ಶೋಕಿ ಇಲ್ಲ. ಕೆಸರಿನ ಬಣ್ಣ ಒಂದಿದ್ದರೆ ಸಾಕು.

ಹುರುಪೆಯ ಮೇಲೆ ಬರೆದ ಮಳೆಗಾಲ

ನಂಗ್ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಮೀನಿನ ವಯಸ್ಸು ಹೇಳೋದು ಹೇಗೆ? ಚಳಿ ದೇಶಗಳಲ್ಲಿ ಸುಲಭ. ಚಳಿಗಾಲದಲ್ಲಿ ಬೆಳವಣಿಗೆ ನಿಧಾನವಾಗಿ ಮೀನಿನ ಹುರುಪೆಯ ಮೇಲೆ ಒಂದು ಉಂಗುರ ಮೂಡುತ್ತೆ, ಮರದ ಕಾಂಡದಲ್ಲಿ ಮೂಡುವ ಹಾಗೆ. ಉಂಗುರ ಎಣಿಸಿದರೆ ವಯಸ್ಸು ಸಿಕ್ಕಿತು. ನಮ್ಮ ಕಡಲಲ್ಲಿ ಅಂಥ ಚಳಿಗಾಲವೇ ಇಲ್ಲ, ಹಾಗಾಗಿ ಇಲ್ಲಿನ ಮೀನುಗಳಿಗೆ ಈ ಲೆಕ್ಕ ನಡೆಯಲ್ಲ ಅನ್ನೋ ನಂಬಿಕೆ ಇತ್ತು.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಕಲ್ಲಿಕೋಟೆಯ ಮೀನುಗಾರಿಕಾ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಜಿ. ಶೇಷಪ್ಪ ಮತ್ತು ಬಿ.ಎಸ್. ಭೀಮಾಚಾರ್ ಈ ನಂಬಿಕೆಯನ್ನು ನಂಗ್ ಮೀನಿನ ಮೇಲೆ ಪರೀಕ್ಷೆಗೆ ಹಚ್ಚಿದರು. ಸಾವಿರ ರೂಪಾಯಿ ಬೆಲೆಯ ಮೀನಲ್ಲ, ಬೀಚಿನಲ್ಲಿ ಒಣಗುತ್ತಾ ಬಿದ್ದಿರುವ ಬಡವರ ಮೀನು. ಅದರ ಹುರುಪೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಉಂಗುರಗಳು ಸ್ಪಷ್ಟವಾಗಿ ಕಂಡವು. 1951ರಲ್ಲಿ ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಅವರ ಬರಹ ಬಂತು. ಉಂಗುರ ಮೂಡೋದು ಚಳಿಗಾಲದಲ್ಲಲ್ಲ, ಮುಂಗಾರಿನಲ್ಲಿ!

ಯಾಕೆ ಅಂದರೆ, ಮಳೆಗಾಲ ನಮಗೆ ಸಮೃದ್ಧಿ, ದಡದ ಹತ್ತಿರದ ಕಡಲ ತಳಕ್ಕೆ ಅದು ಬರಗಾಲ. ದೊಡ್ಡ ಅಲೆಗಳು ತಳದ ಕೆಸರನ್ನು ಕಲಕುತ್ತವೆ. ನದಿಗಳ ಸಿಹಿನೀರು ನುಗ್ಗುತ್ತೆ. ಕೆಸರಿನಲ್ಲಿರುವ ಹುಳುಗಳ ಸಂಖ್ಯೆ ಇಳಿಯುತ್ತೆ ಅನ್ನೋದನ್ನೂ ಶೇಷಪ್ಪನವರು ಅದೇ ವರ್ಷಗಳಲ್ಲಿ ದಾಖಲಿಸಿದರು. ಊಟ ಇಲ್ಲದ ನಂಗ್ ಬೆಳೆಯೋದು ನಿಲ್ಲಿಸುತ್ತೆ, ಹುರುಪೆಯ ಮೇಲೆ ಗೆರೆ ಬೀಳುತ್ತೆ. ಮಳೆ ನಿಂತು ಮತ್ತೆ ಊಟ ಸಿಕ್ಕಾಗ ಬೆಳವಣಿಗೆ ಶುರು. ಒಂದು ಮುಂಗಾರಿಗೆ ಒಂದು ಉಂಗುರ. ಎಣಿಸಿದಾಗ ಗೊತ್ತಾದದ್ದು ಏನೆಂದರೆ ಇದರ ಆಯಸ್ಸು ಹೆಚ್ಚೆಂದರೆ ಎರಡು-ಮೂರು ವರ್ಷ. ಮೊದಲ ವರ್ಷದ ಕೊನೆಗೇ ಸಂಸಾರಕ್ಕೆ ತಯಾರು.

ಮಳೆಗಾಲದಲ್ಲಿ ಇನ್ನೊಂದು ಕಷ್ಟವೂ ಇದೆ. ಮುಂಗಾರಿನ ಗಾಳಿ ನಮ್ಮ ಪಶ್ಚಿಮ ಕರಾವಳಿಯ ಮೇಲ್ಮೈ ನೀರನ್ನು ಆಚೆ ತಳ್ಳಿದಾಗ ಆಳದ ತಣ್ಣನೆಯ ನೀರು ಮೇಲೇರಿ ದಡದ ಕಡೆ ಬರುತ್ತೆ. ಅದರಲ್ಲಿ ಪೋಷಕಾಂಶ ಜಾಸ್ತಿ, ಬೂತಾಯಿ ಮತ್ತು ಬಂಗುಡೆಯ ಸುಗ್ಗಿಗೆ ಅದೇ ಬಂಡವಾಳ. ಆದರೆ ಆಮ್ಲಜನಕ ಕಡಿಮೆ. ತಳದಲ್ಲಿ ವಾಸಿಸುವವರಿಗೆ ಉಸಿರುಗಟ್ಟುವ ಪರಿಸ್ಥಿತಿ. ಮಳೆಗಾಲದಲ್ಲಿ ನಂಗ್ ದಡ ಬಿಟ್ಟು ಆಳಕ್ಕೆ ಸರಿಯುತ್ತೆ. ಮಳೆ ಇಳಿದ ಮೇಲೆ, ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ, ಹಿಂಡು ಹಿಂಡಾಗಿ ದಡದ ಹತ್ತಿರಕ್ಕೆ ವಾಪಸ್ ಬರುತ್ತೆ. ನಂಗ್ ಸುಗ್ಗಿ ಅಂದರೆ ಆ ದಿನಗಳು.

ಸಮುದ್ರದ ಆಮ್ಲಜನಕದ ಈ ಸಮಸ್ಯೆ ಮೊದಲಿಂದಲೂ ಇದ್ದದ್ದೇ. ಆದರೆ ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2000ದಲ್ಲಿ ನೇಚರ್ ಪತ್ರಿಕೆಯಲ್ಲಿ, ನಮ್ಮ ಪಶ್ಚಿಮ ತೀರದ ಈ ಆಮ್ಲಜನಕರಹಿತ ನೀರು ಮೊದಲಿಗಿಂತ ತೀವ್ರವಾಗುತ್ತಿದೆ ಎಂದು ಎಚ್ಚರಿಸಿದರು. ಹೊಲಗಳಿಂದ ಹರಿದುಬರುವ ಗೊಬ್ಬರದ ಸಾರಜನಕದ ಕಡೆಗೂ ಅವರ ಬೆರಳು ಇತ್ತು. ಹೊಲ ಅಂದಾಗ ನಮ್ಮೂರಿನ ಮಾತು ಬರಲೇಬೇಕು.

ಎರೆ ಹೊಲಕ್ಕೂ ಕಡಲಿಗೂ ಏನು ನೆಂಟಸ್ತನ?

ನನ್ನ ಊರು ತಿರ್ಲಾಪುರ, ನವಲಗುಂದ ತಾಲೂಕು. ಕಣ್ಣು ಹಾಯಿಸಿದಷ್ಟು ದೂರ ಎರೆ ಮಣ್ಣು. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಜೋಳ, ಕುಸುಬಿ. ಮಳೆ ಬಿದ್ದ ದಿನ ಹೊಲಕ್ಕಿಳಿದರೆ ಕಾಲಿಗೆ ಮೆತ್ತಿದ ಮಣ್ಣು ಚಪ್ಪಲಿಗಿಂತ ಭಾರ. ಇಲ್ಲಿಂದ ಕಡಲು ಅಂದರೆ ಟಿವಿಯಲ್ಲಿ ನೋಡುವ ವಸ್ತು. ಮೀನೂ ಹುಬ್ಬಳ್ಳಿ ಪ್ಯಾಟಿಯಿಂದ ಐಸ್ ಡಬ್ಬಿಯಲ್ಲಿ ಬರಬೇಕು, ಇಲ್ಲ ಒಣಗಿ ಬರಬೇಕು.

ಆದರೆ ನೀರಿನ ದಾರಿ ಹಿಡಿದು ಹೋದರೆ ಬೇರೆ ಚಿತ್ರ ಸಿಗುತ್ತೆ. ಧಾರವಾಡ ಜಿಲ್ಲೆ ನೀರನ್ನು ಎರಡು ಕಡಲಿಗೆ ಹಂಚುವ ಜಿಲ್ಲೆ. ನಮ್ಮ ತಾಲೂಕಿನ ಬೆಣ್ಣಿಹಳ್ಳ ಮಲಪ್ರಭೆ ಸೇರಿ, ಕೂಡಲಸಂಗಮದಲ್ಲಿ ಕೃಷ್ಣೆಗೆ ಬಿದ್ದು, ಬಂಗಾಳಕೊಲ್ಲಿಗೆ ಹೋಗುತ್ತೆ. ಅದೇ ಧಾರವಾಡದ ಹತ್ತಿರ ಹುಟ್ಟುವ ಶಾಲ್ಮಲೆ ಪಶ್ಚಿಮಕ್ಕೆ ತಿರುಗಿ ಬೇಡ್ತಿ ಸೇರುತ್ತೆ. ಕಲಘಟಗಿ ಕಡೆಯ ಮಣ್ಣು ತೊಳೆದುಕೊಂಡು, ಯಲ್ಲಾಪುರದ ಕಾಡು ದಾಟಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಅನ್ನೋ ಹೆಸರಲ್ಲಿ ಅಂಕೋಲಾ-ಗೋಕರ್ಣದ ನಡುವೆ ಅರಬ್ಬಿ ಸಮುದ್ರ ಸೇರುತ್ತೆ. ಅಂದರೆ ನಂಗ್ ಮೈಮೇಲೆ ಎಳೆದುಕೊಳ್ಳುವ ಕೆಸರಿನಲ್ಲಿ ನಮ್ಮ ಜಿಲ್ಲೆಯ ಒಂದು ಹಿಡಿ ಮಣ್ಣೂ ಇದೆ.

ಇಲ್ಲೇ ಒಂದು ಸೂಕ್ಷ್ಮ ವಿಷಯ. ನವಲಗುಂದ ಅಂದರೆ ಮಹದಾಯಿ ಹೋರಾಟ. "ಸಮುದ್ರ ಸೇರಿ ವ್ಯರ್ಥ ಆಗೋ ನೀರ" ಅನ್ನೋ ಮಾತು ಕೇಳಿಯೇ ನಾವೆಲ್ಲ ಬೆಳೆದದ್ದು. ಬೇಸಿಗೆಯಲ್ಲಿ ಕೊಡ ಹಿಡಿದು ಕಾದವರಿಗೆ ಆ ನೀರಿನ ಬೆಲೆ ಗೊತ್ತು. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿದಾಗ ನಮ್ಮ ಕಡೆ ಅದು ಹಬ್ಬಕ್ಕಿಂತ ದೊಡ್ಡ ಸುದ್ದಿ. ಕುಡಿಯುವ ನೀರಿನ ನಮ್ಮ ಬೇಡಿಕೆ ನ್ಯಾಯವಾದದ್ದು ಅಂತಲೇ ನಾನು ಇವತ್ತಿಗೂ ನಂಬ್ತೀನಿ. ಆದರೆ "ವ್ಯರ್ಥ" ಅನ್ನೋ ಪದ ಮಾತ್ರ ಈಗ ನನ್ನ ಬಾಯಿಗೆ ಬರಲ್ಲ. ನದಿ ಕಡಲಿಗೆ ಒಯ್ಯೋದು ಬರೀ ನೀರನ್ನಲ್ಲ. ಮಣ್ಣು, ಕೊಳೆತ ಎಲೆ, ಪೋಷಕಾಂಶ ಎಲ್ಲ ಒಯ್ಯುತ್ತೆ. ಆ ಕೆಸರಲ್ಲಿ ಹುಳು ಹುಟ್ಟುತ್ತೆ, ಹುಳು ತಿಂದು ನಂಗ್ ಬೆಳೆಯುತ್ತೆ, ನಂಗ್ ಮಾರಿ ಒಂದು ಮನೆ ಒಲೆ ಹಚ್ಚುತ್ತೆ. ನಮ್ಮ ಪಾಲನ್ನು ಕೇಳುವಾಗಲೂ ಆ ಕಡೆ ಒಬ್ಬರು ಪಾಲುದಾರರು ಇದ್ದಾರೆ ಅನ್ನೋ ನೆನಪು ಇರಲಿ.

ಬಲೆ, ಬಿಸಿಲು, ಪುಡಿ

ಹಿಂದಿನ ಕಾಲದಲ್ಲಿ ನಂಗ್ ಹಿಡಿಯುತ್ತಿದ್ದದ್ದು ದಡದ ಹತ್ತಿರ, ಸಣ್ಣ ದೋಣಿ ಮತ್ತು ಸಣ್ಣ ಬಲೆಗಳಲ್ಲಿ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಟ್ರಾಲ್ ಬೋಟುಗಳು ಬಂದವು. ಟ್ರಾಲ್ ಬಲೆ ಅಂದರೆ ಒಂದು ದೊಡ್ಡ ಚೀಲ. ಬಾಯಿ ಅಗಲವಾಗಿ ತೆರೆದಿರಲಿ ಅಂತ ಎರಡೂ ಕಡೆ ಭಾರದ ಹಲಗೆ ಕಟ್ಟಿರುತ್ತಾರೆ. ಬೋಟು ಎಳೆದ ಹಾಗೆ ಹಲಗೆಗಳು ಕಡಲ ತಳವನ್ನು ಉಳುತ್ತಾ ಹೋಗುತ್ತವೆ. ಸೀಗಡಿಗಾಗಿ ಎಳೆದ ಬಲೆಯಲ್ಲಿ ತಳದಲ್ಲಿದ್ದವರೆಲ್ಲ ಬರುತ್ತಾರೆ, ನಂಗ್ ಅಂತೂ ಗ್ಯಾರಂಟಿ.

ಹೊಲ ಉಳುವವರ ಮನೆಯವನಾದ ನನಗೆ ಈ ಹೋಲಿಕೆ ಬೇಗ ತಲೆಗೆ ಹೋಯ್ತು. ಒಂದು ವ್ಯತ್ಯಾಸ ಇದೆ. ನಾವು ವರ್ಷಕ್ಕೆ ಎಷ್ಟು ಸಲ ರಂಟೆ-ಕುಂಟೆ ಹೊಡೀಬೇಕು ಅನ್ನೋದಕ್ಕೆ ಲೆಕ್ಕ ಇದೆ. ಕಡಲ ತಳದ ಒಂದೇ ಜಾಗವನ್ನು ಎಷ್ಟು ಬೋಟು ಎಷ್ಟು ಸಲ ಉಳುತ್ತವೆ ಅನ್ನೋದಕ್ಕೆ ಯಾರ ಮನೆಯ ಕ್ಯಾಲೆಂಡರೂ ಇಲ್ಲ. ಹೀಗೆ ಮೇಲಿಂದ ಮೇಲೆ ಎಳೆದಾಗ ನಿಧಾನ ಬೆಳೆಯುವ ದೊಡ್ಡ ಜೀವಿಗಳು ಮೊದಲು ಹೋಗುತ್ತವೆ. ಬೇಗ ಹುಟ್ಟಿ ಬೇಗ ಬೆಳೆಯುವ ಸಣ್ಣ ಹುಳುಗಳು ಮತ್ತೆ ತುಂಬಿಕೊಳ್ಳುತ್ತವೆ. ನಂಗ್ ಕೂಡ ಬೇಗ ಮರಿ ಮಾಡುವ, ಅಲ್ಪಾಯುಷಿ ಮೀನು. ಹಾಗಾಗಿ ಬೇರೆ ಎಷ್ಟೋ ಮೀನುಗಳಿಗಿಂತ ಇದರ ತಾಳಿಕೆ ಜಾಸ್ತಿ. ಆದರೆ ಎರಡು ಮಳೆಗಾಲ ಮಾತ್ರ ನೋಡುವ ಮೀನನ್ನು ಮೊದಲ ಸಲ ಮೊಟ್ಟೆ ಇಡುವ ಮುಂಚೆಯೇ ಎತ್ತಿಬಿಟ್ಟರೆ ಯಾವ ತಾಳಿಕೆಯೂ ಉಳಿಯಲ್ಲ.

ಕಳೆದ ವರ್ಷ ಉಡುಪಿಯ ಗೆಳೆಯನ ಜೊತೆ ಮಲ್ಪೆ ಬಂದರಿಗೆ ಹೋಗಿದ್ದೆ. ಬೆಳಗಿನ ಗದ್ದಲ ಇಳಿದಿತ್ತು. ಒಂದು ಬದಿಗೆ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದ ವಯಸ್ಸಾದ ಅಮ್ಮನ ಹತ್ತಿರ ನಂಗ್ ಇತ್ತು. ಗೆಳೆಯ ತುಳುವಿನಲ್ಲಿ ಏನೋ ಹೇಳಿದ. ಅವರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಶುರು ಮಾಡಿದರು.

"ನೀವು ಘಟ್ಟದ ಮೇಲಿನವರಾ? ಇದು ತಿಂದು ನೋಡಿ ಮಾರಾಯ್ರೆ, ಆಮೇಲೆ ಅಂಜಲ್ ಬೇಡ ಅಂತೀರಿ."

"ಚರ್ಮ ಹೇಗೆ ತೆಗೆಯೋದು ಅಮ್ಮಾ?" ಅಂದೆ.

ತಲೆಯ ಹತ್ತಿರ ಉಗುರಿನಿಂದ ಕೆದಕಿ ಒಂದೇ ಎಳೆತಕ್ಕೆ ಚರ್ಮ ಸುಲಿದು ತೋರಿಸಿದರು, ಅಂಗಿ ಬಿಚ್ಚಿದ ಹಾಗೆ. ಒಣಗಿಸಿದ ನಂಗ್ ಇದೆಯಾ ಅಂತ ಕೇಳಿದ್ದಕ್ಕೆ ಅವರ ಧ್ವನಿ ಸ್ವಲ್ಪ ಬದಲಾಯ್ತು. "ಮೊದಲು ರಾಶಿ ರಾಶಿ ಒಣಗಿಸ್ತಿದ್ವಿ. ಈಗ ಸಣ್ಣ ಮೀನೆಲ್ಲ ಫ್ಯಾಕ್ಟರಿಗೆ ಹೋಗ್ತದೆ. ನಮಗೆ ಎಲ್ಲಿ ಉಳೀತದೆ?"

ಅವರು ಹೇಳಿದ ಫ್ಯಾಕ್ಟರಿ ಅಂದರೆ ಮೀನಿನ ಪುಡಿ, ಮೀನೆಣ್ಣೆ ತಯಾರಿಸುವ ಘಟಕ. ಮಂಗಳೂರು-ಉಡುಪಿ ಕರಾವಳಿಯಲ್ಲಿ ಇಂಥವು ಹಲವು ಇವೆ. ದಿನಗಟ್ಟಲೆ ಕಡಲಲ್ಲೇ ಇದ್ದು ಬರುವ ಟ್ರಾಲ್ ಬೋಟುಗಳು ತರುವ ಸಣ್ಣ ಮೀನು, ಮರಿ ಮೀನು, ಜಜ್ಜಿಹೋದ ಮೀನು ಎಲ್ಲಕ್ಕೂ ಅಲ್ಲಿ ಗಿರಾಕಿ ಇದೆ. ಬೇಯಿಸಿ, ಹಿಂಡಿ, ಒಣಗಿಸಿ ಪುಡಿ ಮಾಡುತ್ತಾರೆ. ಸಾಮಾನ್ಯವಾಗಿ ನಾಲ್ಕೈದು ಕಿಲೋ ಹಸಿ ಮೀನಿಗೆ ಒಂದು ಕಿಲೋ ಪುಡಿ. ಅದು ಸೀಗಡಿ ಕೆರೆಗಳಿಗೆ, ಮೀನು ಸಾಕಣೆಗೆ, ಕೋಳಿ ಆಹಾರಕ್ಕೆ ಹೋಗುತ್ತೆ. ಬಡವರ ತಟ್ಟೆಯ ಮೀನು ಹೀಗೆ ಸುತ್ತಿ ಬಳಸಿ ಉಳ್ಳವರ ತಟ್ಟೆಯ ಸೀಗಡಿ ಆಗಿ ಬರುತ್ತೆ.

ಇದರಲ್ಲಿ ಬೋಟಿನವರನ್ನು ವಿಲನ್ ಮಾಡೋದು ಸುಲಭ, ಆದರೆ ಸರಿಯಲ್ಲ. ಡೀಸೆಲ್ ಖರ್ಚು, ಐಸ್ ಖರ್ಚು, ಕಾರ್ಮಿಕರ ಪಾಲು ಎಲ್ಲ ಕಳೆದು ಏನಾದರೂ ಉಳಿಯಬೇಕು. ಚೀಲದ ತಳದಲ್ಲಿ ಬಂದ ಸಣ್ಣ ಮೀನಿಗೆ ಯಾರೋ ದುಡ್ಡು ಕೊಡ್ತಾರೆ ಅಂದರೆ ಕಡಲಿಗೆ ವಾಪಸ್ ಎಸೆಯೋರು ಯಾರು? ಎಸೆದರೂ ಅಷ್ಟೊತ್ತಿಗೆ ಅದು ಸತ್ತಿರುತ್ತೆ. ತೊಂದರೆ ಇರೋದು ಮರಿ ಮೀನಿಗೂ ಬೆಲೆ ಕಟ್ಟುವ ವ್ಯವಸ್ಥೆಯಲ್ಲಿ. ಮರಿಗೆ ಮಾರುಕಟ್ಟೆ ಇರುವವರೆಗೆ ಬಲೆಯ ಕಣ್ಣು ಸಣ್ಣದಾಗೇ ಇರುತ್ತೆ.

ಕಾನೂನು ಇಲ್ಲ ಅಂತಲ್ಲ. ಕರ್ನಾಟಕದಲ್ಲಿ 1986ರ ಕಡಲ ಮೀನುಗಾರಿಕಾ ನಿಯಂತ್ರಣ ಕಾಯ್ದೆ ಇದೆ. ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಪಕ್ಕದ ಕೇರಳ ಇನ್ನೊಂದು ಹೆಜ್ಜೆ ಮುಂದೆ ಹೋಗಿ 2015ರಿಂದ ಮೀನುಗಳಿಗೆ ಕನಿಷ್ಠ ಉದ್ದದ ಮಿತಿ ಹಾಕತೊಡಗಿತು. ಅಲ್ಲಿನ ಪಟ್ಟಿಯಲ್ಲಿ ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14, ನಂಗ್‌ಗೆ 9. ಅದಕ್ಕಿಂತ ಚಿಕ್ಕದನ್ನು ಹಿಡಿದರೆ ದಂಡ. ತಳ ಕೆದಕುವ ಮೀನಿಗೂ ಒಂದು ವಯಸ್ಸಿನ ಮಿತಿ ಬೇಕು ಅಂತ ಒಪ್ಪಿಕೊಂಡದ್ದೇ ದೊಡ್ಡ ವಿಷಯ.

ತಟ್ಟೆಗೆ ಬಂದಾಗ

ಸಿಟಿಯಲ್ಲಿರುವ ನಾವು ಇದಕ್ಕೆಲ್ಲ ಏನು ಮಾಡಬಹುದು? ಮೀನು ತಿನ್ನದವರು ಆರಾಮಾಗಿ ಓದಿ ಖುಷಿಪಡಿ. ತಿನ್ನುವವರಿಗೆ ಮೂರು ಮಾತು.

ಒಂದು, ನಾಲ್ಕೇ ನಾಲ್ಕು ಹೆಸರಿನ ದೊಡ್ಡ ಮೀನು ಬಿಟ್ಟು ಬೇರೆಯದನ್ನೂ ಕೇಳಿ. ಬೆಂಗಳೂರಿನಲ್ಲೂ ಕರಾವಳಿಯವರ ಅಂಗಡಿಗಳಲ್ಲಿ ಸೀಸನ್ನಿನಲ್ಲಿ ನಂಗ್ ಸಿಗುತ್ತೆ. ಜನ ತಿನ್ನೋಕೆ ಕೊಳ್ಳುವ ನಂಗ್‌ಗೆ ಒಳ್ಳೇ ಬೆಲೆ ಸಿಕ್ಕರೆ ಅದು ಪುಡಿಯ ದಾರಿ ಹಿಡಿಯೋದು ಕಡಿಮೆಯಾಗುತ್ತೆ, ಬುಟ್ಟಿ ಹೊತ್ತ ಹೆಂಗಸರ ಕೈಗೂ ನಾಲ್ಕು ಕಾಸು ಬರುತ್ತೆ.

ಎರಡು, ಅಳತೆ ನೋಡಿ. ನಿಮ್ಮ ಹಸ್ತದ ಅಗಲದಷ್ಟೂ ಇಲ್ಲದ ನಂಗ್ ಬಂದರೆ ಬೇಡ ಅನ್ನಿ. ಅದು ಇನ್ನೂ ಮರಿ. ಬೆರಳು ನೇರ ಜೋಡಿಸಿ ಹಿಡಿದ ಅಂಗೈಯ ಅಗಲ ಸುಮಾರು 8-9 ಸೆಂಟಿಮೀಟರ್, ಸ್ಕೇಲ್ ಬೇಕಿಲ್ಲ. ಮಸಾಲೆ ಹಚ್ಚಿದ ಮೇಲೆ ಮರಿ ಯಾವುದು, ಬೆಳೆದದ್ದು ಯಾವುದು ಅಂತ ಗೊತ್ತಾಗಲ್ಲ, ಕೊಳ್ಳುವಾಗಲೇ ನೋಡಬೇಕು.

ಮೂರು, ಮಾಡೋದು ಹೇಗೆ ಅಂತ ಕೇಳಿದವರಿಗೆ. ಚರ್ಮ ಸುಲಿದು, ತಲೆ ತೆಗೆದು, ಖಾರದಪುಡಿ, ಅರಿಶಿಣ, ಉಪ್ಪು, ಹುಣಸೆರಸ ಹಚ್ಚಿ ಅರ್ಧ ಗಂಟೆ ಬಿಡಿ. ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಎರಡೂ ಬದಿ ಗರಿಗರಿಯಾಗಿ ಹುರಿಯಿರಿ. ಮೀನು ತೆಳ್ಳಗಿರೋದರಿಂದ ಬೇಗ ಬೇಯುತ್ತೆ. ನಡುವಿನ ಎಲುಬು ಒಂದೇ ಎಳೆಗೆ ಬಾಚಣಿಗೆಯ ಹಾಗೆ ಬರುತ್ತೆ, ಮುಳ್ಳಿನ ಭಯ ಇರುವ ಘಟ್ಟದ ಮೇಲಿನವರಿಗೆ ಇದಕ್ಕಿಂತ ಸುಲಭದ ಮೀನಿಲ್ಲ. ಕರಾವಳಿಯವರು ಗಂಜಿಯ ಜೊತೆ ತಿಂತಾರೆ. ಕಡಕ್ ಜೋಳದ ರೊಟ್ಟಿ, ಮೇಲೆ ಒಂದು ಹಸಿ ಉಳ್ಳಾಗಡ್ಡಿ ಇಟ್ಟುಕೊಂಡರೂ ಅಷ್ಟೇ ಚಂದ ಹೊಂದುತ್ತೆ, ಇದು ನನ್ನ ಸಂಶೋಧನೆ.

ಬರುವ ಜೂನ್‌ನಲ್ಲಿ ನಮ್ಮ ಕಡೆ ಹೆಸರು ಬಿತ್ತಾಕ ಮೋಡ ನೋಡ್ತಾ ಕೂತಿರ್ತಾರೆ. ಅದೇ ಹೊತ್ತಿಗೆ ಮಲ್ಪೆ, ಕಾರವಾರದಲ್ಲಿ ಬೋಟುಗಳು ದಡಕ್ಕೆ ಬಂದು ಲಂಗರು ಹಾಕಿರುತ್ತವೆ. ಕಡಲೊಳಗೆ ನಂಗ್ ಹಿಂಡು ಆಳಕ್ಕೆ ಸರಿದು, ಅರೆಹೊಟ್ಟೆಯಲ್ಲಿ ಮಳೆ ಮುಗಿಯೋದನ್ನು ಕಾಯುತ್ತಿರುತ್ತೆ. ಅಷ್ಟರಲ್ಲಿ ಅದರ ಹುರುಪೆಯ ಮೇಲೆ ಇನ್ನೊಂದು ಗೆರೆ ಮೂಡಿರುತ್ತೆ.